ಸ್ಟ್ರೋಕ್ ಆದ ಮೇಲೆ ಮೊದಲ ಗುಟುಕು ನೀರು

ಪಾರ್ಶ್ವವಾಯು, ಅಂದ್ರೆ ಸ್ಟ್ರೋಕ್ ಆದವರು ಆಸ್ಪತ್ರೆ ಸೇರಿದ್ರೂ ಇನ್ನೊಂದು ಗಂಡಾಂತರ ಕಾದಿರುತ್ತೆ: ಸೋಂಕು. ನುಂಗುವ ಶಕ್ತಿ ಕುಂದಿದಾಗ ನೀರು, ಎಂಜಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆಗ ಚೇತರಿಕೆ ಹಿಂದೆ ಬೀಳುತ್ತೆ. ಕೆಲವರ ಜೀವವೇ ಹೋಗುತ್ತೆ.

ಹಾಗಾದ್ರೆ ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟುಬಿಟ್ರೆ? ವೈದ್ಯರೂ ಹೀಗೇ ಯೋಚಿಸಿದ್ರು. ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 2,500 ರೋಗಿಗಳ ಮೇಲೆ, ಬ್ರಿಟನ್‌ನಲ್ಲಿ ನುಂಗಲು ಕಷ್ಟಪಡುತ್ತಿದ್ದ ಸುಮಾರು 1,200 ರೋಗಿಗಳ ಮೇಲೆ ಪ್ರಯೋಗ ನಡೀತು. 2015ರಲ್ಲಿ ಎರಡರ ಫಲಿತಾಂಶವೂ ಬಂತು. ನೆದರ್‌ಲ್ಯಾಂಡ್ಸ್‌ನಲ್ಲಿ ಮೂತ್ರದ ಸೋಂಕೇನೋ ಕಡಿಮೆಯಾಯ್ತು. ಆದ್ರೆ ಎರಡೂ ಕಡೆ ನ್ಯುಮೋನಿಯಾ ತಗ್ಗಲಿಲ್ಲ, ಚೇತರಿಕೆಯೂ ಸುಧಾರಿಸಲಿಲ್ಲ.

ಬೇರೊಂದು ದಾರಿಯನ್ನ ಆಸ್ಟ್ರೇಲಿಯಾದ ನರ್ಸ್‌ಗಳು ಅಷ್ಟರಲ್ಲಾಗಲೇ ತೋರಿಸಿದ್ರು. ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ನಡೆದ ಆ ಅಧ್ಯಯನ ಪ್ರಕಟವಾಗಿದ್ದು 2011ರಲ್ಲಿ. ಅವರು ಕಣ್ಣಿಟ್ಟಿದ್ದು ಮೂರೇ ವಿಷಯಕ್ಕೆ: ಜ್ವರ, ರಕ್ತದ ಸಕ್ಕರೆ, ನುಂಗುವಿಕೆ. ಮೊದಲ ಮೂರು ದಿನ ಜ್ವರ, ಸಕ್ಕರೆ ಬಿಡದೆ ನೋಡಬೇಕು, ಏರಿದರೆ ಕೂಡಲೇ ಇಳಿಸಬೇಕು. ನುಂಗುವ ಪರೀಕ್ಷೆ ಆಗದೆ ಬಾಯಿಗೆ ಏನೂ ಕೊಡಬಾರದು.

90 ದಿನ ಕಳೆದ ಮೇಲೆ ಲೆಕ್ಕ ಹಾಕಿದ್ರು. ತೀರಿಕೊಂಡವರು ಅಥವಾ ಪರಾವಲಂಬಿಯಾದವರು ಬೇರೆ ಘಟಕಗಳಲ್ಲಿ ಶೇ 58, ಈ ಕ್ರಮ ಪಾಲಿಸಿದಲ್ಲಿ ಶೇ 42. ಮೂರರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಆದ್ರೆ ಇದಕ್ಕೆ ಹೊಸ ಔಷಧಿ ಬೇಕಾಗಲಿಲ್ಲ, ಶಿಸ್ತು ಸಾಕಾಯ್ತು.

ಹಾಗಾಗಿ ಆಸ್ಪತ್ರೆಯಲ್ಲಿ ಅಜ್ಜನ ಬಾಯಿಗೆ ಎಳನೀರು ಹಿಡಿಯೋ ಮುಂಚೆ ಒಂದು ಮಾತು ಕೇಳಿ: “ಸಿಸ್ಟರ್, ನುಂಗೋ ಟೆಸ್ಟ್ ಆಯ್ತಾ?”