ಮೂರನೇ ಕನಿಷ್ಕ: ಬಾವಿಯ ಶಾಸನದಲ್ಲಿ ಉಳಿದ ಅರಸ

ಕುಷಾಣ ಸಾಮ್ರಾಜ್ಯವು ಅವನತಿಯತ್ತ ಸಾಗಿದ್ದ ಕಾಲದ ಅರಸರಲ್ಲಿ ಮೂರನೇ ಕನಿಷ್ಕನೂ ಒಬ್ಬ. ವಾಸಿಷ್ಕನ ಮಗನಾದ ಈತ ಕ್ರಿ.ಶ. 3ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಪಕಾಲ ಆಳಿದನು. ಬೌದ್ಧ ಪರಂಪರೆಯಲ್ಲಿ ಹೆಸರಾಂತನಾದ ಮೊದಲನೇ ಕನಿಷ್ಕನಿಗೂ ಈತನಿಗೂ ನಡುವೆ ಒಂದು ಶತಮಾನಕ್ಕೂ ಹೆಚ್ಚಿನ ಅಂತರವಿದೆ. ಅಷ್ಟು ಹೊತ್ತಿಗೆ ಇಂದಿನ ಉತ್ತರ ಅಫ್ಘಾನಿಸ್ತಾನದ ಬ್ಯಾಕ್ಟ್ರಿಯಾ ಪ್ರಾಂತ್ಯವು ಪರ್ಷಿಯಾದ ಸಸಾನಿಯನ್ನರ ವಶವಾಗಿತ್ತು.

ಆರಾ ಶಾಸನ

ಈತನ ಬಗೆಗಿನ ಮುಖ್ಯ ಆಧಾರವೆಂದರೆ ಪಾಕಿಸ್ತಾನದ ಅಟಕ್ ಸಮೀಪದ ಆರಾ ಎಂಬಲ್ಲಿ, ಬಾವಿಯೊಂದರಲ್ಲಿ ದೊರೆತ ಖರೋಷ್ಠಿ ಲಿಪಿಯ ಶಾಸನ. ಅದನ್ನು ಬರೆಯಿಸಿದವನು ಅರಸನಲ್ಲ, ಪೋಷಪುರಿಯನ ಮಗ ದಷವ್ಹರ. ತಂದೆತಾಯಿಯರ ಗೌರವಾರ್ಥ, ಹೆಂಡತಿ ಮಕ್ಕಳ ಸಹಿತ ತನ್ನ ಹಾಗೂ ಸಕಲ ಜೀವಿಗಳ ಹಿತಕ್ಕಾಗಿ ಬಾವಿ ತೋಡಿಸಿದುದಾಗಿ ಆತ ಹೇಳಿಕೊಂಡಿದ್ದಾನೆ. ಕಾಲವನ್ನು ಸೂಚಿಸಲೆಂದು ಆಗ ಆಳುತ್ತಿದ್ದ ದೊರೆಯ ಹೆಸರನ್ನು ಸೇರಿಸಿದ್ದಾನೆ.

ನಾಲ್ಕು ಬಿರುದುಗಳು

ಶಾಸನವು ಕನಿಷ್ಕನನ್ನು ಮಹಾರಾಜ, ರಾಜಾತಿರಾಜ, ದೇವಪುತ್ರ ಎಂದು ಕರೆಯುತ್ತದೆ. ಇವು ಕ್ರಮವಾಗಿ ಭಾರತ, ಇರಾನ್ ಮತ್ತು ಚೀನಾದ ರಾಜಪರಂಪರೆಗಳನ್ನು ನೆನಪಿಸುತ್ತವೆ. ನಾಲ್ಕನೆಯ ಬಿರುದನ್ನು ಜರ್ಮನ್ ವಿದ್ವಾಂಸ ಹೈನ್ರಿಶ್ ಲ್ಯೂಡರ್ಸ್ ‘ಕೈಸರ’ ಎಂದು ಓದಿದರು. ಅದು ರೋಮ್ ಸಾಮ್ರಾಟರ ‘ಸೀಸರ್’ ಎಂಬ ಬಿರುದೇ ಆಗಿದೆ. ಆ ಭಾಗದ ಅಕ್ಷರಗಳು ಸವೆದಿರುವುದರಿಂದ ಈ ಓದನ್ನು ಎಲ್ಲರೂ ಒಪ್ಪಿಲ್ಲ.

41ರ ಒಗಟು

ಶಾಸನದ ಕಾಲ 41ನೇ ವರ್ಷದ ಜ್ಯೇಷ್ಠ ಮಾಸದ 25ನೇ ದಿನ. ಖರೋಷ್ಠಿ ಪದ್ಧತಿಯಂತೆ 41 ಎಂಬುದನ್ನು 20, 20, 1 ಎಂದು ಕೆತ್ತಲಾಗಿದೆ. ಮೊದಲನೇ ಕನಿಷ್ಕನ ಶಕೆಯಿಂದ ಎಣಿಸಿದರೆ ಈ ವರ್ಷ ಹುವಿಷ್ಕನ ಆಳ್ವಿಕೆಯೊಳಗೆ ಬರುತ್ತದೆ. ಹಾಗಾದರೆ ಏಕಕಾಲಕ್ಕೆ ಇಬ್ಬರು ಸಾಮ್ರಾಟರಿದ್ದರೇ? ಹಿಂದಿನ ವಿದ್ವಾಂಸರು ಜಂಟಿ ಆಳ್ವಿಕೆಯನ್ನು ಊಹಿಸಿದ್ದರು.

ನೂರು ವರ್ಷ ತುಂಬಿದ ಮೇಲೆ ಕುಷಾಣರ ಕಾಲದ ಶಾಸನಗಳಲ್ಲಿ ನೂರರ ಅಂಕಿಯನ್ನು ಬಿಟ್ಟು ಬರೆಯುತ್ತಿದ್ದರು ಎಂದು ಡಚ್ ವಿದುಷಿ ಫಾನ್ ಲೋಹೌಜನ್-ಡ ಲೇಉ 1949ರಲ್ಲಿ ವಾದಿಸಿದರು. ಈ ಲೆಕ್ಕದಲ್ಲಿ 41 ಎಂದರೆ 141. ಶಕೆಯ ಆರಂಭ ಕ್ರಿ.ಶ. 127 ಎಂದು ಹ್ಯಾರಿ ಫಾಲ್ಕ್ 2001ರಲ್ಲಿ ಪ್ರತಿಪಾದಿಸಿದರು. ಇವೆರಡನ್ನೂ ಒಪ್ಪಿದರೆ ಬಾವಿ ತೋಡಿದ್ದು ಸುಮಾರು ಕ್ರಿ.ಶ. 267ರಲ್ಲಿ.

ನಂತರದ ಕಾಲ

ಮೂರನೇ ಕನಿಷ್ಕನ ಬಳಿಕ ಎರಡನೇ ವಾಸುದೇವ, ಶಾಕ, ಕಿಪುನದ ಮೊದಲಾದ ಅರಸರ ಹೆಸರುಗಳು ಮುಖ್ಯವಾಗಿ ನಾಣ್ಯಗಳಿಂದಲೇ ತಿಳಿದುಬರುತ್ತವೆ. 4ನೇ ಶತಮಾನದಲ್ಲಿ ಈ ವಂಶ ಕೊನೆಗೊಂಡಿತು. ಮೂರನೇ ಕನಿಷ್ಕನ ತಂದೆ ಯಾರು, ಆತ ಯಾವ ವರ್ಷ ಆಳುತ್ತಿದ್ದ ಎಂಬುದಕ್ಕೆ ದಷವ್ಹರನ ಬಾವಿಯ ಕಲ್ಲೇ ಇಂದಿಗೂ ಪ್ರಮುಖ ಸಾಕ್ಷ್ಯವಾಗಿದೆ.