ಲೂಯಿಸ್‌ನಿಂದ ತಿಪ್ಪೇಸ್ವಾಮಿಯವರೆಗೆ: ಹೆಸರುಗಳ ಅಧ್ಯಯನ ಸಾಗಿಬಂದ ದಾರಿ

ಹೊನ್ನಾಳಿ, ಚನ್ನಗಿರಿ ಸೀಮೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚಾದವು, ಜಗಳೂರಿನವು ಹನ್ನೊಂದನೆಯದರಲ್ಲಿ ಬಂದವು. ಅವನ್ನು ಓದಿಸಿ ಪ್ರಕಟಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ಆ ‘ಎಲ್’ ಅಂದರೆ ಲೂಯಿಸ್, ಜರ್ಮನಿಕ್ ಮೂಲದ ಗಂಡು ಹೆಸರು. ‘ಹ್ಲೂಡ್’ ಎಂದರೆ ಪ್ರಸಿದ್ಧ, ‘ವಿಗ್’ ಎಂದರೆ ಯುದ್ಧ. ಫ್ರಾಂಕರ ದೊರೆ ಕ್ಲೋವಿಸ್, ಜರ್ಮನರ ಲುಡ್ವಿಗ್, ಫ್ರೆಂಚರ ಲೂಯಿ, ಮಂಗಳೂರಿನ ಕ್ಯಾಥೊಲಿಕ್ ಮನೆಗಳ ಲುವಿಸ್, ಎಲ್ಲವೂ ಒಂದೇ ಬಳ್ಳಿಯ ಕುಡಿಗಳು.

ಇಂಥ ಹೆಸರುಗಳನ್ನು ಬಿಡಿಸಿ ನೋಡುವ ಕೆಲಸ ಗಟ್ಟಿಯಾಗಿ ನೆಲೆನಿಂತದ್ದು ಜರ್ಮನಿಯಲ್ಲಿ. ಯಾಕೋಬ್ ಗ್ರಿಮ್ ಕೊಟ್ಟ ಪ್ರೇರಣೆಯಿಂದ ಎರ್ನ್ಸ್ಟ್ ಫೋರ್ಸ್ಟೆಮನ್ ಹಳೆಯ ಜರ್ಮನ್ ವ್ಯಕ್ತಿನಾಮಗಳ ಕೋಶವನ್ನು 1856ರಲ್ಲಿ ಹೊರತಂದರು. 1910ರಲ್ಲಿ ಆಲ್ಫೋನ್ಸ್ ಹಿಲ್ಕಾ ಪ್ರಾಚೀನ ಭಾರತದ ವ್ಯಕ್ತಿನಾಮಗಳ ಮೇಲೆ ಪುಸ್ತಕ ಬರೆದರು. ಎರಡೂ ಕಡೆಯ ಹೆಸರುಗಳಿಗೆ ನಂಟುಂಟು: ಹ್ಲೂಡ್ ಎಂಬುದಕ್ಕೆ ಸಂಸ್ಕೃತದ ‘ಶ್ರುತ’ ದಾಯಾದಿ. ಮಹಾಭಾರತದ ಶ್ರುತಸೇನನ ಹೆಸರಿನ ರಚನೆಯೂ ಲುಡ್ವಿಗ್‌ನದರಂತೆಯೇ. ನಮ್ಮ ನಾಡಿಗೆ ಬಂದರೆ, ಭಾಷಾವಿಜ್ಞಾನಿ ಎಮೆನೊ 1976ರಲ್ಲಿ ಕೊಡವರ ಹೆಸರುಗಳ ಬಗ್ಗೆ ಬರೆದರು. ಎಂ.ಎಂ. ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ ಈ ಶಾಸ್ತ್ರಕ್ಕೆ ಕನ್ನಡದಲ್ಲೇ ಒಂದು ನೆಲೆ ಒದಗಿಸಿತು.

ಆದರೆ ಧಾತು ಹುಡುಕುವ ಈ ವಿಧಾನ ನಮ್ಮ ಹಳ್ಳಿಯ ಹೆಸರುಗಳಿಗೆ ಅರ್ಧದಷ್ಟೇ ಸಾಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗುತ್ತಿಯ ಸಿಂದ ಅರಸರಲ್ಲಿ ಮಲ್ಲಿದೇವ, ಈಶ್ವರದೇವ. ಸಂತೇಬೆನ್ನೂರಿನ ಪುಷ್ಕರಣಿ ಕಟ್ಟಿಸಿದವನು ಕೆಂಗ ಹನುಮಪ್ಪ ನಾಯಕ. ದೇವರು ಮುಂದೆ, ಗೌರವದ ಮಾತು ಹಿಂದೆ. ಇಷ್ಟನ್ನು ಶಾಸನ, ನಿಘಂಟು ಹಿಡಿದು ಕೂತಲ್ಲೇ ಹೇಳಬಹುದು. ಜಗಳೂರಿನ ಕಡೆಯ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ ಹಾಗಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಯಲ್ಲಿ ಅದು ಮನೆದೇವರ ಹೆಸರು. ಇನ್ನೊಂದು ಮನೆಯಲ್ಲಿ ಹುಟ್ಟಿದ ಕೂಸುಗಳು ಉಳಿಯದೆ, ಕೊನೆಗೊಂದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ ಎಂದು ಕೂಗಿರುತ್ತಾರೆ. ಬೇಡದ್ದೆಂದು ಸಾವು ಬಿಟ್ಟುಹೋಗಲಿ ಎಂಬ ಆಸೆ. ಗುಂಡಪ್ಪ, ಕಲ್ಲಪ್ಪ, ಅಡಿವೆಪ್ಪಗಳ ಹಿಂದೆಯೂ ಎಷ್ಟೋ ಸಲ ಇಂಥದೇ ಹರಕೆ. ಎರಡು ಮನೆಯ ಪದ ಒಂದೇ, ಕಾರಣ ಬೇರೆ. ಅದನ್ನು ಹೇಳಬಲ್ಲವಳು ಆ ಮನೆಯ ಅಜ್ಜಿ.

ಈಗ ತಿಪ್ಪಯ್ಯನ ಮೊಮ್ಮಗನಿಗೆ ಪ್ರಜ್ವಲ್ ಎಂದಿಡುತ್ತಾರೆ. ಹೊನ್ನಾಳಿ ಕಡೆಯ ಹಾಲಪ್ಪ ಒಂದು ತಲೆಮಾರಿನಲ್ಲಿ ಹಾಲೇಶನಾಗಿ, ಮುಂದಿನದರಲ್ಲಿ ಕಾಣೆಯಾಗುತ್ತಾನೆ. ತಂದೆತಾಯಿಯರ ಆಯ್ಕೆಯನ್ನು ದೂರುವುದು ಸಲ್ಲ. ಆದರೆ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು, ಅಜ್ಜಿಯರು ಇರುವಾಗಲೇ, ಊರೂರಿನ ಹೆಸರು ಮತ್ತು ಅದನ್ನಿಟ್ಟ ಕಾರಣ ಎರಡನ್ನೂ ಜೊತೆಯಾಗಿ ಬರೆದುಕೊಳ್ಳಬೇಕು. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯವಿದೆ, ಕನ್ನಡ ಎಂ.ಎ. ಓದುವ ಹಳ್ಳಿಯ ಮಕ್ಕಳಿದ್ದಾರೆ. ತಮ್ಮ ಊರಿನಿಂದಲೇ ಅವರು ಶುರುಮಾಡಬಹುದು. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವಾದ ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಲ್ಲಿ ಮಾತ್ರ ಈ ಕೆಲಸವನ್ನು ಲಂಬಾಣಿ ಮಾತಾಡುವವರೇ ಮಾಡಬೇಕು. ಅಲ್ಲಿನ ಅಜ್ಜಿಯರು ಕಾರಣ ಹೇಳುವುದು ಆ ಮಾತಿನಲ್ಲಿ.