ಕೊಡಸಿಗದ ಹೆಸರು ಹಿಡಿದ ಅಡ್ಡದಾರಿ

ಮಲೆನಾಡಿನ ಮನೆಗಳಲ್ಲಿ ಕೊಡಸಿಗದ ಬಿಳಿ ಹೂವನ್ನು ಒಣಗಿಸಿಟ್ಟು ತಂಬುಳಿ ಮಾಡುತ್ತಾರೆ. ಅದರ ಚಕ್ಕೆಯ ಕಷಾಯ ಆಮಶಂಕೆಗೆ ಹಳೆಯ ಮದ್ದು. ಆಯುರ್ವೇದದ ಕುಟಜ ಇದೇ, ಮಲಯಾಳದ ಕೊಡಗಪಾಲವೂ ಇದೇ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟದಲ್ಲಿ ಈ ಮರ ಕೊಡಗಪಾಲ ಎಂಬ ಹೆಸರಿನಲ್ಲೇ ಇದೆ.

ಗ್ರಂಥವನ್ನು ಮಾಡಿಸಿದವನು ಕೊಚ್ಚಿಯಲ್ಲಿ ಡಚ್ ಕಂಪನಿಯ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್. 1693ರ ಹೊತ್ತಿಗೆ ಹನ್ನೆರಡು ಸಂಪುಟಗಳು ಬಂದವು; ಕೊನೆಯದನ್ನು ನೋಡಲು ಅವನಿರಲಿಲ್ಲ. ಗಿಡಗಳನ್ನು ಗುರುತಿಸಿ ಗುಣ ಹೇಳಿದವರು ಇಲ್ಲಿಯವರು. ಚೇರ್ತಲ ಸೀಮೆಯ ಈಳವ ವೈದ್ಯ ಇಟ್ಟಿ ಅಚ್ಯುತನ್ ತನ್ನ ಮನೆತನದ ಗ್ರಂಥ ಹಿಡಿದು ಹೇಳಿದ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಜೊತೆಗಿದ್ದರು. 1675ರ ಅವರ ಪ್ರಮಾಣಪತ್ರಗಳು ಅವರವರ ಭಾಷೆಯಲ್ಲಿ, ಅವರವರ ಲಿಪಿಯಲ್ಲಿ ಮೊದಲ ಸಂಪುಟದಲ್ಲೇ ಅಚ್ಚಾಗಿವೆ. ಹೇಳಿದವರ ಹೆಸರನ್ನು ಹೀಗೆ ಉಳಿಸಿದ ಪುಸ್ತಕ ಆ ಕಾಲದಲ್ಲಿ ಅಪರೂಪ.

ಮಾತು ಮಲಯಾಳದಿಂದ ಪೋರ್ಚುಗೀಸಿಗೆ, ಅಲ್ಲಿಂದ ಡಚ್ಚಿಗೆ, ಕೊನೆಗೆ ಲ್ಯಾಟಿನ್‌ಗೆ ಹೋಯಿತು. ಇಷ್ಟು ಕೈ ದಾಟಿದರೂ ಕೊಡಗಪಾಲ ಕೊಡಗಪಾಲವಾಗಿಯೇ ಉಳಿಯಿತು. ಎಡವಟ್ಟಾದದ್ದು ಆಮೇಲೆ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆ ಎರಡು ಪದದ ಹೆಸರು ಕೊಟ್ಟಾಗ, ರೀಡನ ಕೊಡಗಪಾಲವನ್ನೂ ಸಿಂಹಳದಿಂದ ಬಂದಿದ್ದ ಇನ್ನೊಂದು ಗಿಡವನ್ನೂ ಒಂದೇ ಎಂದು ಬಗೆದ. ಎರಡಕ್ಕೂ ಸೇರಿಸಿ ‘ಆಂಟಿಡಿಸೆಂಟೆರಿಕಂ’, ಅಂದರೆ ಆಮಶಂಕೆ ಕಳೆಯುವುದು, ಎಂದು ಹೆಸರಿಟ್ಟ. ನಾಮಕರಣದ ನಿಯಮದಂತೆ ಕೊನೆಗೆ ಆ ಹೆಸರು ಉಳಿದದ್ದು ಸಿಂಹಳದ ಗಿಡಕ್ಕೆ: ರೈಟಿಯಾ ಆಂಟಿಡಿಸೆಂಟೆರಿಕಾ. ಇಂದು ನಗರಗಳ ಕುಂಡಗಳಲ್ಲಿ ಬಿಳಿ ನಕ್ಷತ್ರದಂಥ ಹೂ ಬಿಡುವ ಅಲಂಕಾರದ ಗಿಡ ಅದು. ನಿಜವಾದ ಕೊಡಸಿಗ ಈಗ ಹೋಲರೀನಾ ಪ್ಯೂಬೆಸೆನ್ಸ್. ಅದರ ಹೆಸರಿನಲ್ಲಿ ಮದ್ದಿನ ಸುಳಿವೇ ಇಲ್ಲ. ಎಲೆಯ ನವಿರುಗೂದಲಷ್ಟೇ ಇದೆ.

ಇದು ಪಂಡಿತರ ಕಡತದ ತಕರಾರಾಗಿಯೇ ಉಳಿಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಕೊಡಸಿಗದ ಚಕ್ಕೆ ಬ್ರಿಟನ್ನಿಗೆ ಹೋಗಿ ‘ಕೊನೆಸಿ’ ಎಂದು ಹೆಸರಾಯಿತು. ಆದರೆ ಅದರೊಂದಿಗೆ ರೈಟಿಯಾ ಟಿಂಕ್ಟೋರಿಯಾ ಎಂಬ ಹಾಲೆಮರದ ಚಕ್ಕೆಯೂ ಬೆರೆಯಿತು. ಕೊಟ್ಟ ಮದ್ದು ನಾಟದೆ ಕೊಡಸಿಗವೇ ಹೆಸರು ಕೆಡಿಸಿಕೊಂಡಿತು. 1858ರಲ್ಲಿ ಈ ಚಕ್ಕೆಯಿಂದ ಕೊನೆಸಿನ್ ಎಂಬ ಕ್ಷಾರವಸ್ತುವನ್ನು ಬೇರ್ಪಡಿಸಲಾಯಿತು. ಅದು ಆಮಶಂಕೆಯ ಅಮೀಬಾದ ಮೇಲೆ ಕೆಲಸ ಮಾಡುತ್ತದೆಂದು ಮುಂದೆ ತಿಳಿಯಿತು. ಅಚ್ಯುತನ್ ಹೇಳಿದ್ದು ಸುಳ್ಳಾಗಿರಲಿಲ್ಲ. ತಲುಪಿದ ಚಕ್ಕೆ ಬೇರೆಯಾಗಿತ್ತು.

ಯಾವ ಮರಕ್ಕೆ ಯಾವ ರೋಗ ಎಂಬುದನ್ನು ಬರೆದಿಡುವುದು ಸುಲಭ, ಯಾವುದು ಆ ಮರ ಎಂಬುದನ್ನು ದಾಟಿಸುವುದು ಕಷ್ಟ. ಉತ್ತರ ಭಾರತದ ಪನ್ಸಾರಿ ಅಂಗಡಿಗಳಲ್ಲಿ ಈ ಎರಡು ಮರಗಳ ಬೀಜಕ್ಕೂ ಇಂದ್ರಜೌ ಎಂದೇ ಹೆಸರು. ಕೊಡಸಿಗದ್ದು ಕಡ್ವಾ, ಅಂದರೆ ಕಹಿ. ಹಾಲೆಯದ್ದು ಮೀಠಾ, ಅಂದರೆ ಸಿಹಿ. ಲಿನೇಯಸ್ ಒಣ ಗಿಡ ಮತ್ತು ಚಿತ್ರ ನೋಡಿ ಹೆಸರಿಟ್ಟ. ಅಂಗಡಿಯವನು ಬೀಜವನ್ನು ನಾಲಿಗೆಗಿಟ್ಟು ಹೆಸರು ಹೇಳುತ್ತಾನೆ.